ಕೋವಿಗೆ ಎಣ್ಣೆ

ಕಳೆದ ಬೇಸಗೆಯಲ್ಲಿ ನನ್ನ ಅಣ್ಣನ ಮಗ ಅಮೆರಿಕದಿಂದ ಬಂದಿದ್ದ. ಟೆಕ್ಸಾಸ್ ಎಂಬಲ್ಲಿ ಅವನಿಗೆ ಕೆಲಸ, ಅಲ್ಲಿಯ ಪೌರತ್ವವೂ ಸಿಕ್ಕಿ ಆಗಿದೆ. ಊಟ ಆದ ಮೇಲೆ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಫೋಟೋ ತೋರಿಸಿದ. ಮನೆ, ಕಾರು, ಮಕ್ಕಳ ಶಾಲೆಯ ನಾಟಕ. ಅದರ ಮಧ್ಯೆ ಒಂದು ಮೇಜು ಬಂತು. ಮೇಜಿಗೆ ಬಟ್ಟೆ ಹಾಸಿ ಅದರ ಮೇಲೆ ಕಪ್ಪು ತುಂಡುಗಳು, ಸ್ಪ್ರಿಂಗು, ಕೊಳವೆ ಎಲ್ಲ ಸಾಲಾಗಿ ಇಟ್ಟಿದ್ದಾನೆ. ಪಂಪ್‌ಸೆಟ್ ಬಿಚ್ಚಿದ್ದು ಅಂತ ನಾನು ತಿಳಿದೆ.

"ಅಲ್ಲ ಅತ್ತೆ, ಅದು ನನ್ನ ರೈಫಲ್. ಒಂದೊಂದೇ ಭಾಗ ತರಿಸಿ ನಾನೇ ಜೋಡಿಸಿದ್ದು" ಅಂದ.

ನಿನಗೆ ಕಂಪ್ಯೂಟರ್ ಕೆಲಸ ಅಲ್ವಾ ಮಗಾ, ಇದೆಂತಕ್ಕೆ ಅಂತ ಕೇಳಿದೆ. "ಹವ್ಯಾಸ" ಅಂದ.

ಆಮೇಲೆ ಒಂದು ಗಂಟೆ ಅದರದ್ದೇ ಮಾತು. ಅದಕ್ಕೆ ಎ.ಆರ್. 15 ಅಂತ ಹೆಸರಂತೆ. ಆರ್ಮಲೈಟ್ ಎಂಬ ಕಂಪನಿಯಲ್ಲಿ ಯೂಜೀನ್ ಸ್ಟೋನರ್ ಎಂಬವರು 1950ರ ದಶಕದಲ್ಲಿ ಅದರ ನಕ್ಷೆ ಮಾಡಿದ್ದು. 1959ರಲ್ಲಿ ಅದರ ಹಕ್ಕು ಕೋಲ್ಟ್ ಕಂಪನಿಗೆ ಹೋಯಿತು. ಅದೇ ಜಾತಿಯ ಕೋವಿ ಎಂ. 16 ಎಂಬ ಹೆಸರಿನಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಯಿತು. ಮಿಲಿಟರಿಯದ್ದು ಒತ್ತಿ ಹಿಡಿದರೆ ಒಂದರ ಹಿಂದೆ ಒಂದು ಹಾರಿಸುತ್ತದೆ. ಜನರ ಕೈಗೆ ಸಿಗುವುದು ಹಾಗಲ್ಲ, ಒಂದು ಸಲ ಒತ್ತಿದರೆ ಒಂದೇ ಗುಂಡು. ಆದರೆ ಗುಂಡು ಹೋದಾಗ ಹುಟ್ಟಿದ ಗಾಳಿಯ ಒತ್ತಡದಿಂದಲೇ ಒಳಗಿನ ಯಂತ್ರ ಹಿಂದೆ ಸರಿದು, ಖಾಲಿ ತೋಟೆಯನ್ನು ಹೊರಗೆಸೆದು, ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ. ಬೆರಳಿಗೆ ಒತ್ತುವ ಕೆಲಸ ಮಾತ್ರ. ಅಲ್ಲಿಯ ಕೇಂದ್ರ ಸರಕಾರದ ಕಾನೂನಿನಲ್ಲಿ ನಂಬರು ಇರುವ ಕೆಳಗಿನ ಒಂದು ಭಾಗಕ್ಕೆ ಮಾತ್ರ ಕೋವಿ ಅಂತ ಲೆಕ್ಕ. ಅದನ್ನು ಅಂಗಡಿಗೆ ಹೋಗಿ ವಿಚಾರಣೆ ಮುಗಿಸಿ ತರಬೇಕು. ನಳಿಗೆ, ಹಿಡಿ, ಸ್ಪ್ರಿಂಗು ಎಲ್ಲ ಪಾರ್ಸೆಲಿನಲ್ಲಿ ಮನೆಗೇ ಬರುತ್ತವೆ, ನಮಗೆ ಸೀರೆ ಬಂದ ಹಾಗೆ. ಬೇರೆ ಬೇರೆ ಕಂಪನಿಯ ಭಾಗಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಇವನು ಹೆಗಲಿಗೆ ತಾಗುವ ಹಿಡಿಯನ್ನು ತನ್ನ ಕೈಯುದ್ದಕ್ಕೆ ಹೊಂದಿಸಿಕೊಂಡಿದ್ದಾನೆ. ಟ್ರಿಗರ್ ಬಿಗಿ ಉಂಟು ಅಂತ ಅದನ್ನೂ ಬದಲಾಯಿಸಿದ್ದಾನೆ. ಮೇಲೆ ದುರ್ಬೀನು. ಆದಿತ್ಯವಾರ ಗುರಿ ಹೊಡೆಯುವ ಮೈದಾನಕ್ಕೆ ಹೋಗುವುದು, ಬಂದು ಎಲ್ಲ ಬಿಚ್ಚಿ ಮಸಿ ಒರೆಸಿ ಎಣ್ಣೆ ಹಾಕುವುದು.

"ಎಂತಕ್ಕೆ ಹೊಡೆಯುತ್ತೀ?"

"ಕಾಗದಕ್ಕೆ."

"ಮತ್ತೆ?"

"ಮತ್ತೆ ಎಂತದೂ ಇಲ್ಲ ಅತ್ತೆ. ಬಿಚ್ಚಿ ಜೋಡಿಸುವಾಗ ತಲೆ ತಣ್ಣಗಾಗುತ್ತದೆ."

ನನಗೆ ನಗು ಬಂತು. ಆದರೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬಟ್ಟೆ ಹಾಸಿ, ತುಂಡುಗಳನ್ನು ಸಾಲಾಗಿ ಇಟ್ಟು, ಪಕ್ಕದಲ್ಲಿ ಎಣ್ಣೆ ಕುಪ್ಪಿ ಇಡುವ ಆ ಕ್ರಮ ನನಗೆ ಹೊಸತಲ್ಲ. ನಮ್ಮ ಮನೆಯವರು ನಲವತ್ತು ವರ್ಷ ಇದೇ ಜಗಲಿಯಲ್ಲಿ ಹಾಗೇ ಕೂತವರು.

ನಮ್ಮದು ಕೇಪಿನ ಕೋವಿ. ಬೆಳೆ ರಕ್ಷಣೆಗೆ ಅಂತ ನನ್ನ ಮಾವನ ಕಾಲದಲ್ಲಿ ಲೈಸೆನ್ಸ್ ಆದದ್ದು. ನಳಿಗೆಯ ಬಾಯಿಯಿಂದ ಮದ್ದು ಹೊಯ್ಯಬೇಕು, ತೆಂಗಿನ ನಾರು ತುರುಕಿ ಗಜದಿಂದ ಜಡಿಯಬೇಕು, ಚರೆ ಹಾಕಬೇಕು, ಪುನಃ ನಾರು. ಕೊನೆಗೆ ಹಿಂದಿನ ಸಣ್ಣ ಕೊಳವೆಯ ಮೇಲೆ ಕೇಪು ಕೂರಿಸಿ ಕುದುರೆ ಎಳೆಯಬೇಕು. ಒಂದು ಈಡಿಗೆ ಇಷ್ಟು ಕೆಲಸ. ಎರಡನೆಯದನ್ನು ತುಂಬುವಷ್ಟರಲ್ಲಿ ಹಂದಿ ಕರ್ನಾಟಕಕ್ಕೆ ಮುಟ್ಟಿರುತ್ತದೆ. ಕರಿ ಮದ್ದಿನಲ್ಲಿ ಪೆಟ್ಲುಪ್ಪು ಇರುವುದರಿಂದ ಹೊಡೆದ ದಿನವೇ ನಳಿಗೆಗೆ ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಎಣ್ಣೆ ಬಟ್ಟೆ ಎಳೆಯಬೇಕು. ಇಲ್ಲದಿದ್ದರೆ ನಮ್ಮ ಮಳೆಗಾಲದ ಥಂಡಿಗೆ ಒಂದು ವಾರದಲ್ಲಿ ತುಕ್ಕು. ಎಣ್ಣೆ ನನ್ನ ಹೊಲಿಗೆ ಮೆಷಿನಿನದ್ದು. ಅದರ ಬಗ್ಗೆ ನಮಗಿಬ್ಬರಿಗೂ ಜಗಳ ಆಗುತ್ತಿತ್ತು.

ನಮ್ಮ ದೇಶದಲ್ಲಿ ಅಣ್ಣನ ಮಗನ ಹವ್ಯಾಸ ನಡೆಯುವುದಿಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಕೋವಿ ಮಾಡಿದರೂ, ರಿಪೇರಿಗೆ ಕೂತರೂ ಜೈಲು. ಇದ್ದ ಕೋವಿಯನ್ನೂ ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟು ಬರಬೇಕು. ಮನೆಯವರು ಅದನ್ನು ಹಳೇ ಪಂಚೆಯಲ್ಲಿ ಸುತ್ತಿ, ಮದುಮಗಳನ್ನು ಕಳಿಸಿದ ಹಾಗೆ ಜೀಪು ಹತ್ತಿಸುತ್ತಿದ್ದರು. ಅಲ್ಲಿ ಗೋಡೆಗೆ ಒರಗಿಸಿ ಇಡುತ್ತಾರೆ, ಯಾರೂ ಎಣ್ಣೆ ಹಾಕುವುದಿಲ್ಲ ಅಂತ ತಿಂಗಳಿಡೀ ಗೊಣಗಾಟ.

ನಾನು ಕೇಳಬೇಕೆಂದಿರುವುದು ಕೋವಿ ಇಟ್ಟುಕೊಳ್ಳಬಹುದೇ ಬಾರದೇ ಎಂದಲ್ಲ. ಮರಗೆಣಸಿನ ಸಾಲನ್ನು ಒಂದೇ ರಾತ್ರಿಯಲ್ಲಿ ಹಂದಿ ಅಗೆದು ಹಾಕಿದ್ದನ್ನು ನೋಡಿದವರು ಹಾಗೆ ಕೇಳುವುದಿಲ್ಲ. ನನ್ನ ಪ್ರಶ್ನೆ ಬೇರೆ. ಕೊಲ್ಲಲಿಕ್ಕೆ ಅಂತಲೇ ಮಾಡಿದ ಒಂದು ವಸ್ತುವನ್ನು ಇಷ್ಟು ಪ್ರೀತಿಯಿಂದ ನೋಡಿಕೊಳ್ಳುವುದು ಸರಿಯಾ? ಕೈಗೆ ಸಿಗುವ ಆ ಸುಖ ಶುದ್ಧವಾದದ್ದಾ?

ದೈವದ ಕಡ್ತಲೆಯನ್ನೂ ನಾವು ಉಜ್ಜುತ್ತೇವಲ್ಲ ಅಂತ ಮೊದಲು ಮನಸ್ಸಿಗೆ ಬಂತು. ಕೋಲದ ಮೊದಲು ಭಂಡಾರ ಇಳಿಸಿ ಹುಣಸೆಹುಳಿ, ಬೂದಿ ಹಾಕಿ ಎಲ್ಲವನ್ನೂ ತಿಕ್ಕಿ ಬೆಳಗುತ್ತಾರೆ. ಅದೂ ಆಯುಧವೇ. ಆದರೆ ಅದು ಯಾರನ್ನೂ ಕಡಿಯುವುದಿಲ್ಲ. ನಾನು ಹೇಳುವ ಪಾಡ್ದನಗಳಲ್ಲಿ ಆಯುಧಕ್ಕೇನು ಕಡಿಮೆ ಇಲ್ಲ. ಕೋಟಿ ಚೆನ್ನಯರ ಕಥೆಯಲ್ಲಿ ಬುದ್ಯಂತನ ಕೊಲೆ ಆದದ್ದು ಗದ್ದೆ ಕೆಲಸದ ಜಗಳದಲ್ಲಿ, ರಾಜ್ಯಕ್ಕಾಗಿ ಅಲ್ಲ. ಅಂಥ ಜಗಳ ನಮ್ಮ ಬೈಲಿನಲ್ಲಿ ವರ್ಷಕ್ಕೆ ಹತ್ತು ಆಗುತ್ತದೆ. ಆ ಭಾಗ ಬಂದಾಗ ನನ್ನ ಸ್ವರ ಯಾವಾಗಲೂ ಸ್ವಲ್ಪ ತಗ್ಗುತ್ತದೆ. ಹಾಗೆಂದು ಕಡ್ತಲೆ ಮತ್ತು ಕೋವಿ ಒಂದೇ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಡ್ತಲೆ ಹಿಡಿಯುವವನಿಗೆ ಊರಿಡೀ ಎದುರು ನಿಂತಿರುತ್ತದೆ. ಕೋವಿ ಹಿಡಿಯುವವನು ಕತ್ತಲೆಯಲ್ಲಿ ಒಬ್ಬನೇ.

ಕತ್ತಲೆಯ ವಿಷಯ ಬಂದ ಮೇಲೆ ಇನ್ನೊಂದನ್ನು ಹೇಳದೆ ಇರಬಾರದು. ಇಪ್ಪತ್ತೈದು ವರ್ಷದ ಹಿಂದಿನದ್ದು.

ಏಣಿಲು ಬೆಳೆ ಹಾಲುಕಟ್ಟುವ ಸಮಯ. ರಾತ್ರಿ ಗದ್ದೆಯ ಬದಿಯ ಕಾವಲು ಗುಡಿಸಲಿಗೆ ನಾನೂ ಹೋಗುತ್ತಿದ್ದೆ. ಸಾಧಾರಣ ದಿನಗಳಲ್ಲಿ ಡಬ್ಬಿ ಬಡಿದು, ನಾನು ನೇಜಿಯ ಹಾಡು ಜೋರಾಗಿ ಹೇಳಿದರೆ ಹಂದಿ ಹತ್ತಿರ ಬರುವುದಿಲ್ಲ. ಆಚೆಮನೆಯವರು ಅವರ ಗದ್ದೆಯಿಂದ ಓ ಅಂತ ದನಿಗೂಡಿಸುತ್ತಿದ್ದರು. ಆದರೆ ಕೋವಿ ತಂದ ದಿನ ಹಾಡಬಾರದು. ಹಂದಿ ಬರಬೇಕಲ್ಲ. ಹಾಗೆ ಅವತ್ತು ಇಬ್ಬರೂ ಬಾಯಿ ಮುಚ್ಚಿ ಕೂತಿದ್ದೆವು. ಟಾರ್ಚು ಕೂಡ ನಂದಿಸಿ ಆಗಿತ್ತು. ಅದಕ್ಕಿಂತ ಮೊದಲು ಮನೆಯವರಿಗೆ ಎರಡು ವಾರ ಜ್ವರ, ಕೋವಿಯನ್ನು ಕೆಳಗಿಳಿಸಿರಲೇ ಇಲ್ಲ. ಅವಸರದಲ್ಲಿ ತುಂಬಿಸಿ ತಂದದ್ದು.

ಹನಿ ಮಳೆ. ಕಟ್ಟಪುಣಿಯ ಹತ್ತಿರ ಪೈರು ಅಲುಗಿತು. ಒಂದು ಕಪ್ಪು ಬೆನ್ನು, ತಲೆ ತಗ್ಗಿಸಿ ಮಣ್ಣು ಕೆದಕುತ್ತಾ ಉಂಟು. ನಾನೇ ಅವರ ತೋಳು ಮುಟ್ಟಿ ತೋರಿಸಿದೆ. ಹೌದು, ತೋರಿಸಿದ್ದು ನಾನು. ಕುದುರೆ ಎಳೆದು ಒತ್ತಿದರು. ಟಕ್ ಅಂತ ಸದ್ದು. ಕೇಪು ಒಡೆಯಿತು, ಈಡು ಹೊಟ್ಟಲಿಲ್ಲ.

ಆ ಬೆನ್ನು ನೆಟ್ಟಗೆ ನಿಂತಿತು. ಗೊರಬೆ ಹಾಕಿಕೊಂಡು ನೀರು ಕಟ್ಟಲಿಕ್ಕೆ ಬಂದಿದ್ದ ಆಚೆಮನೆಯವರು. "ಯಾರದು? ಭಾವನಾ?" ಅಂತ ಕೇಳಿದರು.

ಕೆಲವು ಸಲ ಬೆಂಕಿ ತಡವಾಗಿ ಹಿಡಿಯುವುದುಂಟು. ಅದಕ್ಕೆ ಮನೆಯವರು ನಳಿಗೆಯನ್ನು ಗುಡ್ಡೆಯ ಕಡೆ ತಿರುಗಿಸಿ ಹಿಡಿದು "ಹೌದು, ನಾನೇ" ಅಂದರು. ಅವರ ಸ್ವರ ಯಾವಾಗಿನ ಹಾಗೇ ಇತ್ತು. ನನ್ನ ಕೈಕಾಲು ನಡುಗುತ್ತಿತ್ತು. ನಾವು ಅವರಿಗೆ ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮನೆಯವರು ಆ ಸಣ್ಣ ಕೊಳವೆಯ ತೂತಿಗೆ ಸೂಜಿ ಹಾಕಿ ಕೆದಕಿ, ಹೊಸ ಕೇಪು ಕೂರಿಸಿ, ಗುಡ್ಡೆಯ ಮಣ್ಣಿನ ದರೆಗೆ ಹೊಡೆದು ಕೋವಿ ಖಾಲಿ ಮಾಡಿದರು. ಆಗ ಸರಿಯಾಗಿ ಹೊಟ್ಟಿತು. ನಾನು ಅಡಿಗೆಮನೆಯಲ್ಲಿ ಇದ್ದೆ, ಕೈಯಲ್ಲಿದ್ದ ಪಾತ್ರೆ ಬಿತ್ತು. ಆಮೇಲೆ ಅವರು ಜಗಲಿಯಲ್ಲಿ ಬಟ್ಟೆ ಹಾಸಿ ಕೂತು ಅದನ್ನು ತೊಳೆದು ಎಣ್ಣೆ ಹಾಕಿದರು. ನನಗೆ ಸಿಟ್ಟು ನೆತ್ತಿಗೇರಿತು. ಎರಡು ವಾರ ಎಣ್ಣೆ ಹಾಕದೆ ಇದ್ದದ್ದರಿಂದ ಒಬ್ಬರ ಜೀವ ಉಳಿಯಿತು, ಮತ್ತೆ ಅದನ್ನೇ ಚಂದ ಮಾಡುತ್ತೀರಲ್ಲ ಅಂತ ಕೇಳಿದೆ.

"ಕೋವಿಯದ್ದು ತಪ್ಪಲ್ಲ. ಕಣ್ಣಿನದ್ದು. ತುಕ್ಕು ನಮ್ಮನ್ನು ಕಾಯುತ್ತದೆ ಅಂತ ಕೂರಲಿಕ್ಕೆ ಆಗ್ತದಾ?" ಅಂದರು.

ಅವರ ಮಾತು ಅರ್ಥ ಆಗಲಿಕ್ಕೆ ನನಗೆ ವರ್ಷಗಳೇ ಬೇಕಾದವು. ಅರ್ಧ ಈಗಲೂ ಆಗಿಲ್ಲ. ಆಮೇಲೆ ಅವರೊಂದು ಕ್ರಮ ಮಾಡಿಕೊಂಡರು. ಮೂರು ಸಲ "ಯಾರದು" ಅಂತ ಕರೆಯದೆ ಕೇಪು ಕೂರಿಸುವುದಿಲ್ಲ. ಮೂರು ಸಲ ಕರೆದರೆ ಯಾವ ಹಂದಿ ನಿಲ್ಲುತ್ತದೆ? ಹಾಗಾಗಿ ಅವರು ಸಾಯುವವರೆಗೂ ಆ ಕೋವಿಯಿಂದ ಒಂದು ಪ್ರಾಣಿಯೂ ಬೀಳಲಿಲ್ಲ. ಎಣ್ಣೆ ಮಾತ್ರ ತಪ್ಪಲಿಲ್ಲ. ಈಗ ಯೋಚಿಸಿದರೆ ಅವರದ್ದೂ ಕೊನೆಗೆ ಅಣ್ಣನ ಮಗನ ಹಾಗೆ ಹವ್ಯಾಸವೇ ಆಗಿತ್ತು. ಇವನು ಕಾಗದಕ್ಕೆ ಹೊಡೆಯುತ್ತಾನೆ, ಅವರು ಅದಕ್ಕೂ ಹೊಡೆಯಲಿಲ್ಲ. ಒಂದು ವ್ಯತ್ಯಾಸ ನನಗೆ ಕಾಣುತ್ತದೆ. ಅವರು ಉಜ್ಜುವಾಗ ಆ ಬೆನ್ನು ಅವರ ಕಣ್ಣಮುಂದೆ ಇತ್ತು. ಅದು ನನಗೆ ಅವರ ಮುಖದಲ್ಲಿ ಗೊತ್ತಾಗುತ್ತಿತ್ತು.

ಅಣ್ಣನ ಮಗನಿಗೆ ಈ ಕಥೆ ಹೇಳಿದೆ. ಮಕ್ಕಳಿರುವ ಮನೆ, ಎಲ್ಲಿಡುತ್ತೀ ಅಂತಲೂ ಕೇಳಿದೆ. ಕಬ್ಬಿಣದ ಕಪಾಟು, ಬೀಗ, ಗುಂಡು ಬೇರೆ ಕಡೆ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ತಾನಾಗಿಯೇ ಇನ್ನೊಂದು ಹೇಳಿದ. 2012ರ ದಶಂಬರದಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಎಂಬ ಊರಿನ ಶಾಲೆಯಲ್ಲಿ ಒಬ್ಬ ಹುಡುಗ 20 ಮಕ್ಕಳನ್ನೂ 6 ಮಂದಿ ದೊಡ್ಡವರನ್ನೂ ಕೊಂದ. ಇದೇ ಜಾತಿಯ ರೈಫಲ್. ಅದು ಅವನ ತಾಯಿ ಕಾನೂನು ಪ್ರಕಾರ ಕೊಂಡದ್ದು. ಗುರಿ ಹೊಡೆಯುವುದು ಅವಳಿಗೆ ಇಷ್ಟ, ಮಗನನ್ನೂ ಮೈದಾನಕ್ಕೆ ಕರಕೊಂಡು ಹೋಗುತ್ತಿದ್ದಳಂತೆ. ಅವನು ಎಲ್ಲರಿಗಿಂತ ಮೊದಲು ಕೊಂದದ್ದು ಅವಳನ್ನು, ಮನೆಯಲ್ಲೇ.

"ಅವಳಿಗೂ ನನ್ನ ಹಾಗೆ ಹವ್ಯಾಸ ಅತ್ತೆ" ಅಂದ. ಮತ್ತೆ ಆ ಫೋಟೋ ತೆಗೆಯಲಿಲ್ಲ.

ನಾನು ಅವನನ್ನು ದೂರುವುದಿಲ್ಲ. ಒಂದು ಯಂತ್ರವನ್ನು ಬಿಚ್ಚಿ ಜೋಡಿಸುವ ಕೈ ಒಳ್ಳೆಯ ಕೈ. ಅಂಥವನ ಮನೆಯಲ್ಲಿ ನಲ್ಲಿ ಸೋರುವುದಿಲ್ಲ. ಆದರೆ ಚೆನ್ನಾಗಿ ನೋಡಿಕೊಂಡ ವಸ್ತು ನೋಡಿಕೊಂಡವರಿಗಿಂತ ಹೆಚ್ಚು ಕಾಲ ಬಾಳುತ್ತದೆ. ನನ್ನ ಅತ್ತೆಯ ಪೈರು ಕತ್ತಿ ಈಗ ನನ್ನ ಸೊಸೆಯ ಕೈಯಲ್ಲಿ ಉಂಟು, ಅದು ಸಂತೋಷ. ಕೋವಿಯೂ ಹಾಗೇ ಇನ್ನೊಂದು ಕೈಗೆ ಹೋಗುತ್ತದೆ. ನಮ್ಮ ಕೈ ನಮಗೆ ಗೊತ್ತು. ಮುಂದಿನ ಕೈ ಯಾರದ್ದು, ಅದು ಯಾವ ಸಿಟ್ಟಿನಲ್ಲಿ ಇರುತ್ತದೆ ಅಂತ ಎಣ್ಣೆ ಹಾಕುವವನಿಗೆ ಗೊತ್ತಿಲ್ಲ. ತಲೆ ತಣ್ಣಗಾಗಲಿಕ್ಕೆ ಅಂತ ಮಾಡಿದ ಕೆಲಸ ಬೇರೆಯವರ ಬಿಸಿ ತಲೆಗೆ ತಯಾರಾಗಿ ಕೂತಿರುತ್ತದೆ.

ಇದು ನನಗೆ ದೂರದ ಮಾತೂ ಅಲ್ಲ. ಮನೆಯವರು ತೀರಿಹೋಗಿ ಎರಡು ವರ್ಷ. ಕೋವಿ ಠಾಣೆಯಲ್ಲಿ ಉಂಟು. 2022ರಲ್ಲಿ ಕೇರಳ ಸರಕಾರ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಹೊಡೆಸುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ಲೈಸೆನ್ಸ್ ಇದ್ದವರೇ ಹೊಡೆಯಬೇಕು, ಹೊಡೆದದ್ದನ್ನು ಹೂಳಬೇಕು. ಹಾಗಾಗಿ ಕೋವಿ ಇದ್ದವರನ್ನು ಈಗ ಎಲ್ಲರೂ ವಿಚಾರಿಸುತ್ತಾರೆ. ಮಗನಿಗೆ ಅಪ್ಪನ ಕೋವಿ ತನ್ನ ಹೆಸರಿಗೆ ಆಗಬೇಕು ಅಂತ ಆಸೆ. ಅದಕ್ಕೆ ನನ್ನ ಒಪ್ಪಿಗೆಯ ಸಹಿ ಬೇಕು. ಮಗ ಒಳ್ಳೆಯವನೇ. ಸಿಟ್ಟು ಸ್ವಲ್ಪ ಹೆಚ್ಚು, ಅದು ನನ್ನಿಂದ ಬಂದದ್ದು.

ಇದನ್ನು ಬರೆಯುವ ಮೊದಲು ಆಚೆಮನೆಗೆ ಹೋದೆ. ಅವರು ಈಗ ಇಲ್ಲ. ದೊಡ್ಡ ಮಗನೂ ಸೊಸೆಯೂ ಇದ್ದರು. ಅವರೂ ನಮ್ಮ ವಾಚನಾಲಯದ ಪುಸ್ತಕ ಓದುವವರು, ಅಚ್ಚಿನಲ್ಲಿ ನೋಡಿ ತಿಳಿಯುವುದು ಬೇಡ ಅಂತ ಎಲ್ಲ ಹೇಳಿದೆ. ತೋರಿಸಿದ್ದು ನಾನು ಅಂತಲೂ ಹೇಳಿದೆ. ಇಬ್ಬರೂ ತುಂಬ ಹೊತ್ತು ಮಾತಾಡಲಿಲ್ಲ. ಸೊಸೆ ಎದ್ದು ಬೆಲ್ಲ ನೀರು ತಂದಿಟ್ಟಳು. ಆಮೇಲೆ ಮಗ ಹೇಳಿದ, "ಅಪ್ಪ ರಾತ್ರಿ ಗದ್ದೆಗೆ ಹೋಗುವಾಗ ದಾರಿಯಿಡೀ ಜೋರಾಗಿ ಕೆಮ್ಮುತ್ತಿದ್ದರು. ಕೆಮ್ಮು ಇರಲಿಲ್ಲ ಅವರಿಗೆ. ಎಂತಕ್ಕೆ ಅಂತ ಕೇಳಿದರೆ ಹೇಳುತ್ತಿರಲಿಲ್ಲ."

ಮನೆಗೆ ಬಂದು ನನ್ನ ಮಗನಿಗೆ ಅಂದೆ, ಸಹಿ ಹಾಕುತ್ತೇನೆ, ಆದರೆ ನೀನು ಕೋವಿ ಹಿಡಿದು ಕಾವಲಿಗೆ ಹೋದ ರಾತ್ರಿ ನಾನೂ ಬಂದು ಹಾಡುತ್ತೇನೆ. "ಅಮ್ಮಾ, ಹಾಗಾದರೆ ಹಂದಿ ಬರುವುದಾದರೂ ಹೇಗೆ?" ಅಂತ ನಕ್ಕ. ನಾನು ತಮಾಷೆಗೆ ಹೇಳಿದ್ದಲ್ಲ.

ಮೊನ್ನೆ ಅಟ್ಟದಿಂದ ಗಜ ಇಳಿಸಿ ತಂದ. ತುದಿಯಲ್ಲಿ ತುಕ್ಕು ಹಿಡಿದಿದೆ. ಜಗಲಿಯಲ್ಲಿ ಬಟ್ಟೆ ಹಾಸಿ ಕೂತು, ಮೆಷಿನಿನ ಎಣ್ಣೆ ಎಲ್ಲಿ ಅಂತ ಕೇಳಿದ. ಕೊಟ್ಟೆ. ಸಹಿಯ ಕಾಗದ ಇನ್ನೂ ಪಂಚಾಂಗದ ಅಡಿಯಲ್ಲಿ ಉಂಟು.