ಸುಳ್ಳು ನಂಬರಿಗೆ ಎಷ್ಟು ದಂಡ?

ನಮ್ಮೂರಿನದೇ ನಂಬರು ಕಂಡರೆ ಫೋನ್ ಎತ್ತಿಬಿಡುತ್ತೇವೆ. ಮೋಸಗಾರನಿಗೆ ನಮ್ಮ ವಿಷಯ ಗೊತ್ತಿರುವುದು ಇಷ್ಟೇ. ಅವನಿಗೆ ಅಷ್ಟು ಸಾಕು.

*

ಫ್ಲಾರಿಡಾದ ಒಬ್ಬಾತ 2016ರಲ್ಲಿ ಮೂರೇ ತಿಂಗಳಲ್ಲಿ ಸುಮಾರು 9.6 ಕೋಟಿ ರೋಬೊಕಾಲ್, ಅಂದರೆ ಯಂತ್ರವೇ ಮಾಡುವ ಕರೆ, ಮಾಡಿಸಿದ. ಕರೆ ಯಾವ ಊರಿಗೆ ಹೋಯಿತೋ ಆ ಊರಿನ ನಂಬರೇ ಕಾಣುವ ಹಾಗೆ. ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ 2018ರಲ್ಲಿ ಅವನಿಗೆ 12 ಕೋಟಿ ಡಾಲರ್ ದಂಡ ಹಾಕಿತು. ಭಾಗಿಸಿ ನೋಡಿ: ಕರೆಗೆ ಒಂದೂಕಾಲು ಡಾಲರ್.

2023ರಲ್ಲಿ ಇನ್ನೊಂದು ಜಾಲಕ್ಕೆ ಬಿದ್ದ ದಂಡ ಸುಮಾರು 30 ಕೋಟಿ ಡಾಲರ್. ಕರೆಗಳು 500 ಕೋಟಿಗೂ ಹೆಚ್ಚು. ಕರೆಗೆ ಆರು ಸೆಂಟು. ದಂಡ ಏರಿದೆ, ದರ ಇಳಿದಿದೆ.

*

ಈ ಲೆಕ್ಕವೂ ಕಾಗದದ್ದೇ. 2015ರಿಂದ ಎಫ್‌ಸಿಸಿ ಹಾಕಿದ್ದ 20.8 ಕೋಟಿ ಡಾಲರ್ ದಂಡದಲ್ಲಿ ವಸೂಲಾದದ್ದು 6,790 ಡಾಲರ್ ಎಂದು 2019ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬರೆಯಿತು. ಕೋಟಿ ಬಿಟ್ಟುಹೋಗಿಲ್ಲ, ಬರೀ 6,790. ದಂಡ ಹಾಕುವುದು ಆಯೋಗದ ಕೆಲಸ, ಕೊಡದವನನ್ನು ಕೋರ್ಟಿಗೆ ಎಳೆಯುವುದು ನ್ಯಾಯ ಇಲಾಖೆಯದು. ನಡುವಿನ ಮೆಟ್ಟಿಲಲ್ಲಿ ಕಡತ ಕೂತಿರುತ್ತದೆ.

*

2019ರ ಕೊನೆಗೆ ಅಮೆರಿಕದಲ್ಲಿ ಬಂದ ಟ್ರೇಸ್ಡ್ ಕಾಯ್ದೆ ಬೇಕೆಂದೇ ಮಾಡಿದ ಪ್ರತಿ ಅಕ್ರಮ ಕರೆಗೆ 10,000 ಡಾಲರ್‌ವರೆಗೆ ದಂಡಕ್ಕೆ ದಾರಿ ಮಾಡಿತು. ನನ್ನ ಮಟ್ಟಿಗೆ ಅದರ ನಿಜವಾದ ಹಲ್ಲು ಆ ಅಂಕಿಯಲ್ಲಿಲ್ಲ. ಹೊರಟ ಕರೆಗೆ ಡಿಜಿಟಲ್ ಸಹಿ ಹಾಕುವ ವ್ಯವಸ್ಥೆಯನ್ನು ಫೋನ್ ಕಂಪನಿಗಳ ತಲೆಗೆ ಕಟ್ಟಿತಲ್ಲ, ಅದರಲ್ಲಿದೆ. ದೊಡ್ಡ ಕಂಪನಿಗಳಿಗೆ ಗಡುವು 2021ರ ಜೂನ್ 30. ಹಳೆಯ ತಾಂತ್ರಿಕತೆಯ ಲೈನುಗಳಲ್ಲಿ ಹಾದರೆ ಆ ಸಹಿ ಅಳಿಸಿಹೋಗುತ್ತದೆ ಎಂಬುದು ಬೇರೆ ಮಾತು. ಕಳ್ಳನಿಗೂ ಅದು ಗೊತ್ತು.

*

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ದಂಡದ ಕಾನೂನಿಗೆ ಈ ಗಾದೆ ಸಲ್ಲುತ್ತದೆ. ಆದರೆ ಕೋಟೆಗೆ ಕಾವಲುಗಾರನೂ ಇದ್ದನಲ್ಲ? ಕರೆಯನ್ನು ಕಾಸಿಗೆ ಒಳಬಿಟ್ಟ ಕಂಪನಿಗೆ ವಿಳಾಸವಿದೆ, ಬ್ಯಾಂಕ್ ಖಾತೆಯಿದೆ, ಕಳೆದುಕೊಳ್ಳಲು ಲೈಸೆನ್ಸೂ ಇದೆ.

*

2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರಿನ ಮತದಾರರಿಗೆ ಬೈಡನ್ ಅವರ ನಕಲಿ ದನಿಯಲ್ಲಿ ಕರೆ ಹೋಯಿತು: ಈ ಸಲ ಮತ ಹಾಕಬೇಡಿ. ಮಾಡಿಸಿದ ರಾಜಕೀಯ ಸಲಹೆಗಾರನಿಗೆ ಎಫ್‌ಸಿಸಿ 60 ಲಕ್ಷ ಡಾಲರ್ ದಂಡ ಹಾಕಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಜ್ಯೂರಿ ಅವನನ್ನು ಖುಲಾಸೆ ಮಾಡಿತು. ಕರೆ ಸಾಗಿಸಿದ ಟೆಲಿಕಾಂ ಕಂಪನಿ ಮಾತ್ರ 10 ಲಕ್ಷ ಡಾಲರ್ ಕಟ್ಟಲು ಒಪ್ಪಿತು.

*

ಅಮೆರಿಕದ ತೆರಿಗೆ ಅಧಿಕಾರಿಗಳೆಂದು ಹೆದರಿಸುವ ಕರೆಗಳು ಅಹಮದಾಬಾದ್, ಥಾಣೆ ನಗರಗಳಿಂದ ಹೊರಟಿದ್ದವು. ಈಗ ಹೊರದೇಶದ ಕರೆಗಳು ನಮ್ಮದೇ +91 ತೊಟ್ಟು ನಮ್ಮ ಮನೆಗೆ ಬರುತ್ತವೆ. ಕಾನೂನು ಗಡಿಯಲ್ಲಿ ನಿಲ್ಲುತ್ತದೆ, ಕರೆ ನಿಲ್ಲುವುದಿಲ್ಲ.

*

ನಮ್ಮ 2023ರ ದೂರಸಂಪರ್ಕ ಕಾಯ್ದೆಯಲ್ಲಿ ನಂಬರಿನಂಥ ದೂರಸಂಪರ್ಕ ಗುರುತನ್ನು ತಿದ್ದಿದವರಿಗೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಖಾರವಾಗಿಯೇ ಇದೆ. ಆದರೆ 2024ರ ಅಕ್ಟೋಬರಿನಲ್ಲಿ ಸರ್ಕಾರ ಚಾಲೂ ಮಾಡಿದ ತಡೆ ವ್ಯವಸ್ಥೆ, ಭಾರತದ ನಂಬರು ತೋರಿಸಿಕೊಂಡು ಹೊರದೇಶದಿಂದ ಬಂದ ಸುಮಾರು 1.35 ಕೋಟಿ ಕರೆಗಳನ್ನು ಮೊದಲ 24 ಗಂಟೆಯಲ್ಲೇ ಗುರುತಿಸಿ ತಡೆಯಿತು. ಒಂದು ದಿನದಲ್ಲಿ ಯಾವ ನ್ಯಾಯಾಧೀಶರಿಗೂ ಆಗದ ಕೆಲಸ.

*

ಇಂಥ ಕರೆ ಬಂದರೆ ಬೈದು ಕಟ್ ಮಾಡಿ ಸುಮ್ಮನಾಗಬೇಡಿ, ಸಂಚಾರ ಸಾಥಿಯ ‘ಚಕ್ಷು’ವಿನಲ್ಲಿ ದೂರು ಕೊಡಿ. ಹಣ ಹೋಗಿಯೇ ಬಿಟ್ಟಿದ್ದರೆ ನಾಚಿಕೆ ಬಿಟ್ಟು ಆ ಕ್ಷಣವೇ 1930ಕ್ಕೆ ಫೋನ್ ಮಾಡಿ.