ಮುಚ್ಚುವ ಮೊದಲು ಒಮ್ಮೆ ಸೇರಿ



ಧಮ್ಮ ಬಂಧುಗಳೇ,

ಪುಣಜನೂರು ಕಡೆಯ ಉಪಾಸಕರೊಬ್ಬರು ಮೊನ್ನೆ ಫೋನಿನಲ್ಲಿ ಕೇಳಿದರು: "ಮೇಷ್ಟ್ರೇ, ಕೊರೊನಾ ಟೈಮಲ್ಲಿ ಹುಡುಗರೆಲ್ಲ ಸೇರಿ ಎಷ್ಟೊಂದು ಕೆಲಸ ಮಾಡಿದ್ರು. ಈಗ ಆ ಗ್ರೂಪಲ್ಲಿ ಶುಭೋದಯ ಬಿಟ್ರೆ ಏನೂ ಇಲ್ಲ. ಮುಚ್ಚಿಬಿಡೋಣ್ವಾ?" ಈ ಪ್ರಶ್ನೆ ಅವರೊಬ್ಬರದಲ್ಲ, ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ.

ಮಹಾಪರಿನಿಬ್ಬಾಣ ಸುತ್ತದ ಆರಂಭ ನೆನಪಿಸಿಕೊಳ್ಳಿ. ಮಗಧದ ಅಜಾತಶತ್ರುವಿಗೆ ವಜ್ಜಿಗಳನ್ನು ಸೋಲಿಸುವ ಆಸೆ. ಮಂತ್ರಿ ವಸ್ಸಕಾರನನ್ನು ಬುದ್ಧರ ಬಳಿಗೆ ಕಳಿಸಿದ. ಬುದ್ಧರು ಅವನಿಗೆ ನೇರ ಉತ್ತರ ಕೊಡದೆ, ಹಿಂದೆ ನಿಂತು ಬೀಸಣಿಗೆ ಬೀಸುತ್ತಿದ್ದ ಆನಂದರನ್ನು ಕೇಳಿದರು: ವಜ್ಜಿಗಳು ಆಗಾಗ ಸಭೆ ಸೇರುತ್ತಾರೆಯೇ? ಒಗ್ಗಟ್ಟಾಗಿ ಕೂತು ಒಗ್ಗಟ್ಟಾಗಿ ಏಳುತ್ತಾರೆಯೇ? ಹೀಗೆ ಏಳು ಪ್ರಶ್ನೆ. ಆನೆ ಎಷ್ಟು, ಕುದುರೆ ಎಷ್ಟು ಎಂದು ಕೇಳಲೇ ಇಲ್ಲ. ಮಂತ್ರಿ ಎದ್ದು ಹೋದ ಮೇಲೆ ರಾಜಗೃಹದ ಭಿಕ್ಖುಗಳನ್ನೆಲ್ಲ ಕರೆಸಿ, ನಿಮ್ಮ ಸಂಘಕ್ಕೂ ಇದೇ ಅನ್ವಯ ಎಂದು ಹೇಳಿದರು.

ಮುಂದಿನ ಕಥೆ ಅಟ್ಠಕಥೆಯಲ್ಲಿದೆ. ವಸ್ಸಕಾರ ವೈಶಾಲಿಗೆ ಹೋಗಿ ಸೇರಿಕೊಂಡ. ಒಬ್ಬನನ್ನು ಪಕ್ಕಕ್ಕೆ ಕರೆದು "ಇವತ್ತು ಏನು ಸಾರು ಉಂಡೆ?" ಎನ್ನುವನು. ಅಷ್ಟೇ. ಉಳಿದವರು ಬಂದು "ಏನಂದ?" ಎಂದರೆ ಇವನು ಇದ್ದದ್ದನ್ನು ಹೇಳುವನು. ಯಾರೂ ನಂಬುತ್ತಿರಲಿಲ್ಲ. ಮೂರೇ ವರ್ಷ. ಯುದ್ಧದ ಭೇರಿ ಬಾರಿಸಿದಾಗ ಒಬ್ಬರೂ ಬರಲಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. 2020ರ ಜೂನ್‌ವರೆಗೂ ಚಾಮರಾಜನಗರದಲ್ಲಿ ಒಂದೂ ಸೋಂಕಿರಲಿಲ್ಲ, ಹಸಿರು ವಲಯ ಎಂದು ಹೆಮ್ಮೆಪಟ್ಟೆವು. 2021ರ ಮೇ 2ರ ರಾತ್ರಿ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವವಾಯಿತು. ಒಂದೇ ದಿನದಲ್ಲಿ 24 ಜನ ಹೋದರು ಎಂದು ಮೊದಲು ಸುದ್ದಿ ಬಂತು. ಆ ದಿನಗಳಲ್ಲಿ ಊರೂರಲ್ಲಿ ಯುವಕರು, ಸ್ತ್ರೀಶಕ್ತಿ ಸಂಘದವರು, ಆಶಾ ತಾಯಂದಿರು ಒಂದು ಬಲೆಯಂತೆ ಹೆಣೆದುಕೊಂಡರು. ಯಾರ ಬಳಿ ಆಟೋ ಇದೆ, ಯಾವ ಅಜ್ಜಿ ಒಂಟಿ, ಯಾವ ಪೋಡಿಗೆ ಅಕ್ಕಿ ಮುಟ್ಟಿಲ್ಲ, ಎಲ್ಲ ನೋಟ್‌ ಪುಸ್ತಕದಲ್ಲಿತ್ತು. ಸರ್ಕಾರದ ಬಳಿಯೂ ಇಲ್ಲದ ಲೆಕ್ಕ ಅದು.

ಸೋಂಕು ಇಳಿಯಿತು. ಕೆಲಸ ನಿಂತಿತು, ಪಿಸುಮಾತು ಶುರುವಾಯಿತು. ಕಿಟ್ಟು ಯಾರ ಬೀದಿಗೆ ಹೆಚ್ಚು ಹೋಯ್ತು? ಡೀಸೆಲ್ ದುಡ್ಡು ಯಾರು ಕೊಟ್ಟಿದ್ದು? ನಮಗೆ ವಸ್ಸಕಾರ ಬೇಕಾಗಲೇ ಇಲ್ಲ.

ಆದ್ದರಿಂದ ಮೊದಲ ಸಭೆಯಲ್ಲಿ "ಮುಂದೇನು" ಎಂದು ಕೇಳಬೇಡಿ ಎಂಬುದು ನನ್ನ ಅಭಿಪ್ರಾಯ. ಖರ್ಚಿನ ಚೀಟಿಗಳನ್ನು ಎಲ್ಲರೆದುರು ಇಡಿ. ತೀರಿಕೊಂಡವರ ಹೆಸರು ಓದಿ. ಸೇವೆ ಮಾಡಿದ ಹುಡುಗರಲ್ಲೂ ತಮ್ಮವರನ್ನು ಕಳೆದುಕೊಂಡವರಿದ್ದಾರೆ, ಅಳಲು ಅವರಿಗೆ ಆಗ ಪುರಸೊತ್ತೇ ಇರಲಿಲ್ಲ.

ಮುಂದಿನ ಕೆಲಸ ಆ ಹೆಸರುಗಳ ಹಿಂದೆಯೇ ಇದೆ. ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಮನೆಗೆ ₹1 ಲಕ್ಷ, ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ ₹3,500 ಎಂದು ಸರ್ಕಾರ ಆಗ ಪ್ರಕಟಿಸಿತ್ತು. ಯಾವ ಮನೆಗೆ ಮುಟ್ಟಿತು, ಯಾವ ಅರ್ಜಿ ಕಚೇರಿಯಲ್ಲೇ ಕೂತಿದೆ? ಆ ಮಕ್ಕಳಲ್ಲಿ ಎಷ್ಟು ಜನ ಇನ್ನೂ ಶಾಲೆಯಲ್ಲಿದ್ದಾರೆ? ಅಪ್ಪ ಹೋದ ಮನೆಯ ದೊಡ್ಡ ಹುಡುಗಿ ಹಾಜರಿ ಪುಸ್ತಕದಿಂದ ಹೇಗೆ ಮೆಲ್ಲಗೆ ಮಾಯವಾಗುತ್ತಾಳೆ ಎಂಬುದು ಮೇಷ್ಟ್ರುಗಳಿಗೆ ಗೊತ್ತು. ಮೊದಲು ವಾರಕ್ಕೆ ಎರಡು ದಿನ ರಜೆ, ಆಮೇಲೆ ಕೊಡಗಿನ ತೋಟ.

ಬಾಬಾಸಾಹೇಬರು 1956ರ ಡಿಸೆಂಬರ್ 6ರಂದು ತೀರಿಕೊಂಡರು. ಆ ತಿಂಗಳು ಮುಂಬೈಯಲ್ಲಿ ದೀಕ್ಷೆ ಕೊಡಿಸಬೇಕೆಂದಿದ್ದರು. ಮರುದಿನ ದಾದರಿನಲ್ಲಿ, ಅಂತ್ಯಕ್ರಿಯೆಯ ಸ್ಥಳದಲ್ಲೇ, ಭದಂತ ಆನಂದ ಕೌಸಲ್ಯಾಯನರಿಂದ ಅಪಾರ ಜನ ದೀಕ್ಷೆ ಪಡೆದರು. ಅಳುತ್ತಲೇ, ಉಳಿದಿದ್ದ ಕೆಲಸವನ್ನು ಕೈಗೆತ್ತಿಕೊಂಡರು.

ಬರುವ ಹುಣ್ಣಿಮೆಗೆ ವಂದನೆ ಮುಗಿದ ಮೇಲೆ ಒಂದು ಗಂಟೆ ಕೂರೋಣ. ಆ ಹಳೇ ನೋಟ್‌ ಪುಸ್ತಕ ತನ್ನಿ. ಹೆಣ್ಣುಮಕ್ಕಳನ್ನು ಹಿಂದಿನ ಸಾಲಿಗೆ ಕಳಿಸಬೇಡಿ. ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂದು ಆಗಲೂ ಮೊದಲು ಗೊತ್ತಾಗುತ್ತಿದ್ದದ್ದು ಅವರಿಗೇ.

ಜೈ ಭೀಮ್.