ಕಲ್ಲು, ಹೊಳೆ ಮತ್ತು ಕ್ರಿಯಾಪದದ ಸಾಕ್ಷಿ

ದೈವಕ್ಕೆ ವ್ಯಕ್ತಿತ್ವ ಉಂಟೇ ಎಂಬ ಪ್ರಶ್ನೆಗೆ ಕನ್ನಡದ ಕ್ರಿಯಾಪದವೂ ಒಂದು ಸಾಕ್ಷಿ, ಏಕೆಂದರೆ ಅದರ ಪ್ರತ್ಯಯ ಕರ್ತೃವಿನ ಲಿಂಗವನ್ನು ತೋರಿಸುತ್ತದೆ. ಸಂಸ್ಕೃತದಲ್ಲಿ ಲಿಂಗ ಶಬ್ದಕ್ಕೆ ಅಂಟಿಕೊಂಡದ್ದು. ಹೆಂಡತಿಯೆಂಬ ಅರ್ಥದ ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕ. ಕನ್ನಡದಲ್ಲಿ ಅದು ಅರ್ಥವನ್ನು ಹಿಂಬಾಲಿಸುತ್ತದೆ ಎಂಬುದನ್ನು 13ನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಗುರುತಿಸಿದ್ದಾನೆ: ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದದ್ದು ನಪುಂಸಕ. ಹೊಲದ ಎತ್ತು ‘ಮಲಗಿದೆ’. ಆದರೆ ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯಲ್ಲಿ, ಅದೇ ಎತ್ತಿನ ಆಕಾರದ ಏಕಶಿಲೆಯ ಮುಂದೆ ನಿಂತವರಿಗೆ, ಬಸವಣ್ಣ ‘ಕೂತಿದ್ದಾನೆ’. ಸಿರುಗುಪ್ಪದ ಕಡೆ ತುಂಗಭದ್ರೆ ತುಂಬಿದರೆ ಹೊಳೆ ‘ಬಂತು’. ಬಾಗಿನ ಬಿಡುವಾಗ ಗಂಗಮ್ಮ ‘ಬಂದಳು’. ಬಳ್ಳಾರಿಯ ಕನಕದುರ್ಗಮ್ಮ ‘ಕಾಯುತ್ತಾಳೆ’. ಕಲ್ಲೂ ನೀರೂ ಇದ್ದಂತೆಯೇ ಇವೆ, ಪ್ರತ್ಯಯ ಮಾತ್ರ ಬದಲಾಯಿತು. ಹಾಗಾದರೆ ವ್ಯಕ್ತಿತ್ವ ಕಲ್ಲಿನೊಳಗೆ ಹುಡುಕಬೇಕಾದ ಗುಣವಲ್ಲ. ಅದು ಕರೆಯುವವರಿಗೂ ಕರೆಸಿಕೊಳ್ಳುವುದಕ್ಕೂ ನಡುವಿನ ಸಂಬಂಧ ಎಂಬುದು ನನ್ನ ವಾದ.

ಇದು ಬರೀ ಹೆಸರಿನ ಪ್ರಭಾವ, ‘ಅಣ್ಣ’, ‘ಅಮ್ಮ’ ಸೇರಿದರೆ ಕ್ರಿಯಾಪದ ತಾನಾಗಿ ಹೊಂದಿಕೊಳ್ಳುತ್ತದೆ ಎನ್ನಬಹುದು. ನಿಜ. ಆದರೆ ಎತ್ತನ್ನು ಅಣ್ಣನೆಂದು, ಹೊಳೆಯನ್ನು ಅಮ್ಮನೆಂದು ಕರೆಯುವ ತೀರ್ಮಾನ ವ್ಯಾಕರಣದ್ದಲ್ಲ, ಭಕ್ತರದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮಗುವಿನದು. ಮಗು ‘ಅತ್ತಿತು’ ಎನ್ನುತ್ತೇವೆ. ಹಾಗೆಂದು ಹೆತ್ತವರಿಗೆ ಅದು ವಸ್ತುವೇ? ಖಂಡಿತ ಅಲ್ಲ. ಸಂಬಂಧ ಅಷ್ಟು ಗಾಢವಾಗಿದ್ದರೂ ಪ್ರತ್ಯಯ ನಪುಂಸಕವಾಗಿಯೇ ಉಳಿಯುತ್ತದೆ. ಇಲ್ಲಿ ನನ್ನ ವಾದವನ್ನು ತುಸು ತಿದ್ದಿಕೊಳ್ಳಬೇಕು: ‘ಆನೆ’, ‘ಆಳೆ’, ‘ಅಳು’ ಎಂಬ ಪ್ರತ್ಯಯಗಳು ವ್ಯಕ್ತಿತ್ವವನ್ನು ಸಾರುತ್ತವೆ, ನಪುಂಸಕ ಪ್ರತ್ಯಯ ಅದನ್ನು ನಿರಾಕರಿಸುವುದಿಲ್ಲ, ಗಂಡೋ ಹೆಣ್ಣೋ ಎಂಬ ಪ್ರಶ್ನೆಯನ್ನಷ್ಟೇ ಎತ್ತದೆ ಬಿಡುತ್ತದೆ. ನಿರ್ಗುಣ ಬ್ರಹ್ಮವನ್ನು ‘ಅದು’ ಎನ್ನುವವರೂ ಜಡವಸ್ತುವಿನ ಮಾತಾಡುತ್ತಿಲ್ಲ.